ಕಲ್ಲಂಗಡಿ ಹಿಡಿಯುವ ಕೈ

ವಾಸ್ಕೊ, ಗೋವಾ,
೧೧ ಏಪ್ರಿಲ್ ೨೦೧೧, ಸೋಮವಾರ

ಅಮೀರಬಿಗೆ ಅಲ್ಲಾಬಕ್ಷನ ಸಲಾಮು.

ನೀನು ಮ್ಹಾಪಸಾದಲ್ಲಿ, ನಾನು ಇಲ್ಲಿ, ಬೇರೆ ಬೇರೆ ಒಲೆ ಹೂಡಿ ನಾಲ್ಕು ವರ್ಷವಾಯಿತು. ಈ ಪತ್ರ ಆ ವಿಷಯಕ್ಕಲ್ಲ. ನಮ್ಮ ಮಗಳು ಅಸ್ಮಾಳ ವಿಷಯಕ್ಕೆ. ಬರುವ ಭಾನುವಾರ ಆಸ್ಟ್ರೇಲಿಯಕ್ಕೆ ಹೋಗುವ ತಂಡದ ಆಯ್ಕೆ. ಈಗ ಆಡುತ್ತಿರುವಂತೆಯೇ ಆಡಿದರೆ ಅವಳು ಅದರಲ್ಲಿ ಇರುವುದಿಲ್ಲ.

ಶನಿವಾರ ಕ್ರೇನಿನ ಒಂದು ಬಿಡಿಭಾಗ ತರಲು ಮ್ಹಾಪಸಾಕ್ಕೆ ಬಂದಿದ್ದೆ. ಮೈದಾನ ದಾರಿಯಲ್ಲೇ ಇದ್ದುದರಿಂದ ಸ್ವಲ್ಪ ಹೊತ್ತು ನಿಂತೆ. ನೀನು ಹೊಗಳುವ ತರಬೇತುದಾರ ಹೇಮಲಪ್ಪ ಸರ್ ಅವರ ದರ್ಶನ ಹೀಗೆ ಒದಗಿತು. ಬಾಯಲ್ಲಿ ಸೀಟಿ, ಕೈಯಲ್ಲಿ ಬೆತ್ತ, ಕಣ್ಣಿಗೆ ಕಪ್ಪು ಕನ್ನಡಕ. ಮನುಷ್ಯ ಚೆಂಡನ್ನು ನೋಡುತ್ತಿರಲಿಲ್ಲ. ಬೇಲಿಯಾಚೆ ಪತ್ರಿಕೆಯವರು ಬಂದಿದ್ದಾರೆಯೇ ಎಂದು ನೋಡುತ್ತಿದ್ದ.

ಆಸ್ಟ್ರೇಲಿಯದವರು ಕೈಯನ್ನೂ ಬಳಸಿ ಆಡುವ ಆ ಫುಟ್‌ಬಾಲಿನಲ್ಲಿ, ಎತ್ತರಕ್ಕೆ ಒದ್ದ ಉದ್ದನೆಯ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿಯುವುದು ದೊಡ್ಡ ವಿದ್ಯೆ. ಅದನ್ನು ಅಸ್ಮಾ ಯಾವ ಮೈದಾನದಲ್ಲೂ ಕಲಿಯಲಿಲ್ಲ. ಶುಕ್ರವಾರದ ಸಂತೆಗೆ ಅಮೀನಪ್ಪನ ಲಾರಿ ಬಂದಾಗ, ಮೇಲಿನಿಂದ ಎಸೆದ ಕಲ್ಲಂಗಡಿಗಳನ್ನು ಹಿಡಿದು ಹಿಂದೆ ನಿಂತ ನಿನಗೆ ದಾಟಿಸುತ್ತ ಕಲಿತಳು. ಅವಳ ಕೈ ಮೇಲೇರಿ ಹಣ್ಣನ್ನು ಎದುರುಗೊಳ್ಳುತ್ತಿತ್ತು, ಹಣ್ಣಿನ ಜೊತೆಗೇ ಕೆಳಗಿಳಿಯುತ್ತಿತ್ತು. ಅವಳ ಕೈಯಲ್ಲಿ ಒಡೆದ ಹಣ್ಣು ನನಗೆ ನೆನಪಿಲ್ಲ.

ಮೊದಲ ವರ್ಷ ತರಬೇತಿ ಕೊಡಲು ಬಂದಿದ್ದ ಆಸ್ಟ್ರೇಲಿಯದ ಮುದುಕನಿಗೆ ಅದು ಕಂಡಿತು. ಸಂತೆಯಲ್ಲಿ ನಿಂತು ನೋಡಿದನಂತೆ, ನಕ್ಕನಂತೆ, ನಿನ್ನಿಂದ ಒಂದು ಹೋಳು ಇಸಿದುಕೊಂಡು ತಿಂದನಂತೆ, ಅಸ್ಮಾಳೇ ಹೇಳಿದಳು. ಅವಳ ಕೈಯ ತಂಟೆಗೆ ಆತ ಹೋಗಲಿಲ್ಲ. ಎಡದಿಂದ, ಬಲದಿಂದ, ಬಿಸಿಲಿಗೆದುರಾಗಿ ಚೆಂಡು ಒದೆಯುತ್ತಿದ್ದ. ತಪ್ಪಿದಾಗ, ನಿನಗೆ ಏನು ಕಂಡಿತು ಎಂದಷ್ಟೇ ಕೇಳುತ್ತಿದ್ದ. ಉತ್ತರ ಅವಳೇ ಹುಡುಕಬೇಕಿತ್ತು. ಪತ್ರಿಕೆಗಳು ಅವಳನ್ನು ತಾರೆ ಎಂದದ್ದು ಆ ವರ್ಷ.

ಮುದುಕ ಹೋದ ಮೇಲೆ ಬಂದ ಈ ಮಹಾಶಯರು ಆ ತಾರೆಯನ್ನು ತಾವೇ ಕಡೆದದ್ದೆಂದು ಸಂದರ್ಶನ ಕೊಟ್ಟರು. ಅಷ್ಟಕ್ಕೆ ಬಿಡದೆ, ನಿಜವಾಗಿಯೂ ಕಡೆಯಲು ಕೂತರು. ಎಲ್ಲ ಹುಡುಗಿಯರಿಗೂ ಒಂದೇ ಅಚ್ಚು: ಮೊಣಕೈ ಬಿಗಿ, ಅಂಗೈ ಗೋಡೆಯಂತೆ. ತಪ್ಪಿದರೆ ಮೈದಾನ ಸುತ್ತಬೇಕು. ಶನಿವಾರ ಅಸ್ಮಾಳ ಅಂಗೈಗೆ ಬಡಿದ ಚೆಂಡುಗಳು ಒಂದಾದ ಮೇಲೊಂದು ಸಿಡಿದುಹೋದವು. ಏನವಾ, ಇದನ್ನೂ ಸಂತಿ ಅಂದ್ಕೊಂಡಿಯೇನ, ಹಣ್ಣ ಮಾರೋರಂಗ ಕೈ ಒಡ್ಡಬ್ಯಾಡ ಎಂದು ಆತ ಎಲ್ಲರೆದುರು ಹಂಗಿಸಿದ. ಉಳಿದವರು ನಕ್ಕರು. ಅವಳು ತಲೆ ತಗ್ಗಿಸಿ ಓಡಿದಳು.

ಮೂವತ್ತು ವರ್ಷದಿಂದ ಬಂದರಿನ ಕ್ರೇನುಗಳನ್ನು ನೋಡಿಕೊಳ್ಳುತ್ತಿದ್ದೇನೆ. ಇಳಿಯುವ ಭಾರವನ್ನು ಗಕ್ಕನೆ ನಿಲ್ಲಿಸಿದರೆ ಉಕ್ಕಿನ ಹಗ್ಗವೂ ತಾಳದು. ವೇಗ ತಗ್ಗಿಸುತ್ತ ನಿಲ್ಲಿಸಬೇಕು. ಇಷ್ಟು ತಿಳಿಯದವನನ್ನು ನಾವು ಹಿಡಿಕೆ ಮುಟ್ಟಲು ಬಿಡುವುದಿಲ್ಲ. ಹೇಮಲಪ್ಪನಿಗೆ ಒಂದು ತಂಡವನ್ನೇ ಕೊಟ್ಟಿದ್ದಾರೆ.

ಇನ್ನು ನೀನು. ತಾರೆಯಾದವಳು ಲಾರಿ ಮುಂದೆ ನಿಲ್ಲುವುದು ಮರ್ಯಾದೆಯಲ್ಲ ಎಂದು ಆತ ಹೇಳಿದ. ನೀನು ಅವಳನ್ನು ಬಿಡಿಸಿ ಕೂಲಿಯವನನ್ನು ಇಟ್ಟುಕೊಂಡೆ. ನಾನು ಫೋನಿನಲ್ಲಿ ಕೇಳಿದ್ದಕ್ಕೆ, ನಿಮ್ಮ ಕ್ರೇನ್ ನೋಡ್ಕೋರಿ, ಮಗಳ ಆಟದಾಗ ನಿಮಗೇನ ತಿಳೀತದ ಎಂದೆ. ಅದೇ ಹಣ್ಣು ಮಾರಿ ಮನೆ ನಡೆಸುವವಳು, ಸೀಟಿಯವನೊಬ್ಬ ಹಣ್ಣನ್ನು ಹೀಯಾಳಿಸಿದಾಗ ಹೂಂಗುಟ್ಟಿದೆಯಲ್ಲ! ಕಲ್ಲಂಗಡಿಯನ್ನು ಬೆರಳಲ್ಲಿ ತಟ್ಟಿ ಒಳಗಿನ ಬಣ್ಣ ಹೇಳುವ ನೀನು, ಈ ಮನುಷ್ಯನನ್ನು ಒಮ್ಮೆಯೂ ತಟ್ಟಿ ನೋಡಲಿಲ್ಲ.

ನಾನು ಕೇಳುವುದು ಇಷ್ಟೇ. ಈ ಶುಕ್ರವಾರ ಅವಳನ್ನು ಲಾರಿಯ ಮುಂದೆ ನಿಲ್ಲಿಸು. ಒಂದು ಲೋಡು ಇಳಿಸುವಷ್ಟರಲ್ಲಿ ಕೈಗೆ ಅದರ ಬುದ್ಧಿ ಮರಳುತ್ತದೆ. ಹೇಮಲಪ್ಪ ಕೇಳಿದರೆ ಕೂಲಿಯವನು ಬರಲಿಲ್ಲ ಎನ್ನು. ನಿಜ ಹೇಳಿ ಗೌರವಿಸಬೇಕಾದ ಮನುಷ್ಯನಲ್ಲ ಆತ.

ಇಂತಿ,
ಅಸ್ಮಾಳ ತಂದೆ
ಅಲ್ಲಾಬಕ್ಷ

ತಾ.ಕ.: ಕ್ರೇನಿನ ಬಿಡಿಭಾಗಗಳು ಮ್ಹಾಪಸಾದಲ್ಲಿ ಸಿಗುವುದಿಲ್ಲ. ಅಮೀನಪ್ಪನ ಲಾರಿಯ ಮೇಲಿಂದ ಎಸೆಯುವವನು ಮದುವೆಗೆಂದು ಇಂಡಿಗೆ ಹೋಗಿದ್ದಾನಂತೆ. ನಾನು ರಜೆ ಹಾಕಿದ್ದೇನೆ. ಶುಕ್ರವಾರ ಲಾರಿಯ ಮೇಲೆ ನಾನು ನಿಲ್ಲುತ್ತೇನೆ, ಮೊದಲಿನಂತೆ. ನೀನು ಮಾತಾಡಿಸಲೇಬೇಕೆಂದಿಲ್ಲ, ಅವಳ ಹಿಂದೆ ನಿನ್ನ ಜಾಗದಲ್ಲಿ ನಿಂತರೆ ಸಾಕು.