ಧರ್ಮದ ದಟ್ಟಿಗೆ ಮೊಳ

ಅಪ್ಪಾ,

ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ತೆಲಂಗಾಣ ರಾಜ್ಯವಾಗಿ, ಗದ್ವಾಲ ಜಿಲ್ಲೆಯಾದ ಹೊಸತರಲ್ಲಿ ನಮ್ಮ ಮಗ್ಗಕ್ಕೆ ಸರ್ಕಾರದವರು ಒಂದು ಯಂತ್ರ ಕೂರಿಸಿದರಲ್ಲ, ನೆನಪಿದೆಯಾ? ಓಣಿಯಲ್ಲಿ ಅದೇ ಮೊದಲನೆಯದು. ಸೀರೆಯ ಹತ್ತಿ ಒಡಲಿಗೆ ರೇಷ್ಮೆ ಅಂಚು ಸೇರಿಸಲು ನಿನ್ನ ಪಕ್ಕ ಇನ್ನೊಬ್ಬರು ಕೂರಬೇಕಿತ್ತು. ಆ ಇನ್ನೊಬ್ಬಳು ನಾನು. ಯಂತ್ರವಿದ್ದರೆ ಒಬ್ಬರೇ ನೇಯಬಹುದು, ನೇಕಾರರ ಬದುಕೇ ಬದಲಾಗುತ್ತದೆ ಎಂದಿದ್ದರು. ಆದರೆ ಅಂಚು ಸೇರುವ ಕಡೆಯೇ ಎಳೆ ಹರಿಯುತ್ತಿತ್ತು. ವಾರ ಕಳೆಯುವುದರೊಳಗೆ ನೀನೇ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದೆ, ನನ್ನನ್ನು ವಾಪಸ್ ಕೂರಿಸಿಕೊಂಡೆ.

ಯೋಜನೆ ಹೇಗೆ ನಡೆದಿದೆ ಎಂದು ನೋಡಲು ಅಧಿಕಾರಿಗಳು ಬಂದ ದಿನ ನೆನೆದರೆ ಈಗಲೂ ಮೈ ಉರಿಯುತ್ತದೆ. ಬೆಳಿಗ್ಗೆಯೇ ನೀನು ಯಂತ್ರ ಒರೆಸಿ, ಕುಂಕುಮ ಹಚ್ಚಿ, ಮತ್ತೆ ಮಗ್ಗಕ್ಕೆ ಜೋಡಿಸಿದ್ದೆ. ನನ್ನ ಕೈಯಲ್ಲಿ ಚಹಾದ ತಟ್ಟೆ. ಇದಕ್ಕೆ ಎಷ್ಟು ಜನ ಬೇಕು ಎಂದು ಅವರು ಕೇಳಿದರು. ನಾನೊಬ್ಬನೇ ಸಾಕು, ಬಹಳ ಅನುಕೂಲವಾಗಿದೆ ಎಂದೆಯಲ್ಲ... ನಾನು ಎದುರಿಗೇ ನಿಂತಿದ್ದೆನಲ್ಲಪ್ಪಾ? ಅವರ ಜೀಪು ಓಣಿ ದಾಟುವ ಮೊದಲೇ "ಬಾರವ್ವಾ, ಈ ಎಳಿ ಸೇರ್ಸು" ಎಂದು ಕರೆದೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದ್ದಕ್ಕೆ ಗಾದೆ ತೆಗೆದೆ. "ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳ ಹಾಕಿದ್ರಂತ. ಕೊಟ್ಟವ್ರು ಮನಿಗೆ ಬಂದಾಗ ಚಲೋ ಇಲ್ಲ ಅನ್ನಾಕ ಆಗ್ತೈತೇನು?" ಕೊಟ್ಟವರೇ ಬಂದು ಹೇಗಿದೆ ಎಂದು ಕೇಳಿದರೆ ನಿಜ ಹೇಳುವವರಾದರೂ ಯಾರು? ನಾನು ನೇಕಾರರ ಗುರುತಿನ ಚೀಟಿ ಕೇಳಲು ಹೋದಾಗ, ನಿಮ್ಮ ಮನೆಯಲ್ಲಿ ನೇಯುವವನು ನಿಮ್ಮಪ್ಪ ಒಬ್ಬನೇ ಎಂದು ಕಳಿಸಿಬಿಟ್ಟರು. ನಿನ್ನ ಮಾತು ನಂಬಿ ಓಣಿಗೆಲ್ಲ ಯಂತ್ರ ಬಂತು. ಮನೆಮನೆಯಲ್ಲೂ ನನ್ನಂಥವಳೊಬ್ಬಳು ಲೆಕ್ಕದಿಂದ ಹೊರಗೆ ಬಿದ್ದಳು. ಮೋಸ ಮಾಡಿದೆ ಅಪ್ಪಾ, ಅದೂ ನಗುನಗುತ್ತಾ.

ನೀನು ಹೋದ ಮೇಲಿನ ಸುದ್ದಿ ಕೇಳು. ವಡ್ಡೆಪಲ್ಲಿ ಕಡೆಯ ಮಗ್ಗಗಳಿಗೂ ಇದೇ ಯಂತ್ರ ಕೊಡಬೇಕೆಂದು ಅವರು ಮತ್ತೆ ನೋಡಲು ಬಂದಿದ್ದರು. ಚಹಾ ಕೊಟ್ಟೆ. ಆಮೇಲೆ ಯಂತ್ರ ಜೋಡಿಸಿ ಅವರ ಕಣ್ಣೆದುರೇ ನೇಯ್ದೆ. ಎಳೆ ಹರಿಯಿತು. ನಮ್ಮಪ್ಪ ನಿಮಗೆ ಸುಳ್ಳು ಹೇಳಿದ್ದ ಎಂದು ತೆಲುಗಿನಲ್ಲಿ, ಅವರಿಗೆ ಸರಿಯಾಗಿ ತಿಳಿಯುವ ಹಾಗೆ ಹೇಳಿದೆ. "ಸತ್ತವನ ಮಾನ ತಗದಿ" ಎಂದಳು ಅವ್ವ. ಮೊಳ ಹಾಕಿದೆ ಅಪ್ಪಾ. ಹಿತ್ತಲಲ್ಲಿ ಅಲ್ಲ, ಅವರೆದುರಿಗೇ.

ನಿನ್ನ ಜಾಗದಲ್ಲಿ ಈಗ ನಾನು ಕೂರುತ್ತೇನೆ, ನನ್ನ ಜಾಗದಲ್ಲಿ ಅವ್ವ. ಇನ್ನು ಯಾರೇ ಬಂದು ಕೇಳಲಿ, ಈ ಮಗ್ಗಕ್ಕೆ ಇಬ್ಬರು ಎನ್ನುತ್ತೇನೆ. ಅವ್ವನ ಹೆಸರು ಮೊದಲು ಹೇಳುತ್ತೇನೆ.

ನಿನ್ನ ಪಕ್ಕ ಕೂತಿದ್ದವಳು