ಲೂಸಿಡ್ ಆಗಿ ಹೇಳುವುದೆಂದರೆ

ಔರಾದ,
೧೪ ಜೂನ್ ೨೦೨೫

ಪ್ರೀತಿಯ ಈಶ್ವರಿಗೆ,

ಭಾಲ್ಕಿಯ ತವರಿನಲ್ಲಿ ಸುಖವಾಗಿದ್ದೀಯೆಂದು ನಂಬಿದ್ದೇನೆ. ಮಾವನವರ ಮೊಣಕಾಲು ನೋವು ಹೇಗಿದೆ? ಇಲ್ಲಿ ಎಲ್ಲರೂ ಆರಾಮ. ಅಂದರೆ ಅವ್ವ ಆರಾಮ. ನಿನ್ನೆ ನಾನು ಚಹಾಕ್ಕೆ ಉಪ್ಪು ಹಾಕಿದೆ. ಅವ್ವ ಅದನ್ನು ಬಚ್ಚಲಿಗೆ ಚೆಲ್ಲಿ ಬಂದಳು.

ಹೋಗುವಾಗ ನೀನು ಬಾಗಿಲಲ್ಲಿ ನಿಂತು, "ಬೀದರ ಕಾಲೇಜಿನ ನೌಕರಿಗಿ ಸೇರಲೋ ಬ್ಯಾಡೋ ಅಂದ್ರ ಹಗಲೆಲ್ಲ 'ನೋಡಮು' ಅಂತೀರಿ. ಲೂಸಿಡ್ ಆಗಿ ಒಂದ್ ಮಾತ ಹೇಳ್ರಿ. ಫೋನಿನ್ಯಾಗ ಬ್ಯಾಡ, ಬರ್ದು ಕಳಸ್ರಿ. ಅಲ್ಲಿತನಕ ನಾ ಬರಲ್ಲ" ಅಂದೆಯಲ್ಲ, ಮೋಟಾರ್ ರಿಪೇರಿ ಮಾಡುವವನಿಗೆ ಇಂಗ್ಲಿಷ್ ಮೇಡಂ ಹಾಗಂದರೆ ಏನು ತಿಳಿದೀತು? ಲೂಸಿಡ್ ಅನ್ನುವುದು ಯಾವುದೋ ಔಷಧಿಯ ಹೆಸರೇ ಅನ್ನಿಸಿತು. ಕುತುಬೋದ್ದೀನರ ಮೆಡಿಕಲ್‌ನಲ್ಲಿ ಕೇಳಿದೆ. ಅವರು ಕಪಾಟೆಲ್ಲ ತಡಕಾಡಿ, "ಖತಂ ಆಗ್ಯಾದ್ರಿ, ಬ್ಯಾರೆ ಕಂಪನೀದು ಕೊಡ್ಲೇನ್ರಿ?" ಅಂದರು.

ಕೊನೆಗೆ ನಿವೃತ್ತ ಮೇಷ್ಟ್ರು ಮುನೀರೋದ್ದೀನ ಸರ್ ಹತ್ತಿರ ಹೋದೆ. ಒಂದು ಶಬ್ದ ಕೇಳಿದರೆ ಅದರ ಖಾನದಾನನ್ನೇ ಎಳೆದು ತರುವವರು ಅವರು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ಲುಕ್ಸ್ ಅಂದರೆ ಬೆಳಕಂತೆ, ಲೂಸಿಡಸ್ ಅಂದರೆ ಬೆಳಗುವಂಥದ್ದಂತೆ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಹೊಳೆಯುವ ವಸ್ತುಗಳಿಗೆ ಹಾಗನ್ನುತ್ತಿದ್ದರಂತೆ. ತಿಳಿಯಾದ ಮಾತಿಗೆ ಅಂಟಿದ್ದು ಆಮೇಲೆ. "ಕೇಳಿದಾವ್ರು ಮತ್ತ 'ಏನಂದ್ರಿ' ಅನ್ನೂ ಗರಜ್ ಬೀಳಬಾರ್ದು, ಅದಕ್ಕ ಲೂಸಿಡ್ ಅಂತಾರ" ಅಂದರು. ಹುಚ್ಚನಿಗೆ ನಡುನಡುವೆ ಬುದ್ಧಿ ಬರುವ ಗಳಿಗೆಗೂ ಇದೇ ಪದವಂತೆ. ನೀನು ಯಾವುದನ್ನು ಮನಸ್ಸಿನಲ್ಲಿಟ್ಟುಕೊಂಡು ಅಂದೆಯೋ, ನಾನು ಕೇಳುವುದಿಲ್ಲ.

ಹೀಗಾಗಿ ಶಬ್ದವಂತೂ ನನಗೆ ಪೂರ್ತಿ ತಿಳಿಯಿತು. ಇನ್ನು ನೌಕರಿಯ ವಿಷಯ. ಒಂದು ರೀತಿಯಲ್ಲಿ ನೋಡಿದರೆ ಬೀದರ ದೂರವಲ್ಲ, ಇನ್ನೊಂದು ರೀತಿಯಲ್ಲಿ ಹತ್ತಿರವೂ ಅಲ್ಲ. ನೀನು ಸೇರಬೇಕಾದ ಒಂದನೇ ತಾರೀಖಿಗೆ ಇನ್ನೂ ಸಮಯವಿದೆ. ಅವ್ವನ ಮನಸ್ಸು, ನನ್ನ ಅಂಗಡಿ, ಬಸ್ಸಿನ ಟೈಮು, ಎಲ್ಲವನ್ನೂ ವಿಚಾರ ಮಾಡಿದರೆ, ನೋಡಮು.

ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ಊಟ ಬಿಡಬೇಡ.

ನಿನ್ನ
ಮಚ್ಛೇಂದ್ರ

ತಾ.ಕ.: ಪತ್ರ ಒಯ್ಯಲು ಭಾಲ್ಕಿ ಬಸ್ಸಿನ ಕಂಡಕ್ಟರ್ ಕೈ ಚಾಚಿ ನಿಂತಿದ್ದಾರೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾರೆ. ನೌಕರಿಗೆ ಸೇರು. ಬೀದರಿನಲ್ಲಿ ಮನೆ ಹಿಡಿದಿದ್ದೇನೆ. ಅಂಗಡಿಗೆ ನಾನೇ ದಿನಾ ಔರಾದಕ್ಕೆ ಬಂದು ಹೋಗುತ್ತೇನೆ. ಅವ್ವ ಆಗಲೇ ಪಾತ್ರೆಗಳ ಗಂಟು ಕಟ್ಟಿ ಕೂತಿದ್ದಾಳೆ. ಬೇಡ ಅನ್ನುವ ಮನಸ್ಸು ನನಗೆ ಎಂದೂ ಇರಲಿಲ್ಲ. ಸೇರು ಅಂದರೆ ನೀನೊಬ್ಬಳೇ ಹೋಗಿ ಅಲ್ಲೇ ರೂಮು ಮಾಡಿ ಇದ್ದುಬಿಡುತ್ತೀಯೆಂದು ಹೆದರಿದ್ದೆ. ನನ್ನನ್ನೂ ಕರೆದುಕೊಂಡು ಹೋಗು.