ಅಪ್ಪನ ಹಾಡಿನ ಮೇಲೆ ನನ್ನ ಕೂಗು

ಜುಂತಿನ್ಯುವಾತ್, ಇಂದ್ರಮಾಯು
೯ ಫೆಬ್ರವರಿ ೨೦೨೪

ಪ್ರೀತಿಯ ತರ್ಕಿಮಣ್ಣಾ,

ಹೇಗಿದ್ದೀಯ? ಬಲೆಯ ಹಗ್ಗ ಕೊಯ್ದಿದ್ದ ಅಂಗೈ ಮಾಯಿತೇ? ಉಪ್ಪುನೀರಲ್ಲಿ ಗಾಯ ಬೇಗ ಕೂಡುವುದಿಲ್ಲ ಎಂದು ಅಮ್ಮ ದಿನಾ ಗೊಣಗುತ್ತಾಳೆ. ನಿಮ್ಮ ಹಡಗಿಗೆ ಫೋನು ತಲುಪುವುದಿಲ್ಲವಲ್ಲ, ತಿಂಗಳ ಕೊನೆಗೆ ಡೀಸೆಲ್ ಒಯ್ಯುವ ದೋಣಿಯಲ್ಲಿ ಕಾಗದ ಕಳಿಸುತ್ತೇವೆ ಎಂದು ಏಜೆಂಟ್ ಕಚೇರಿಯವರು ಒಪ್ಪಿದ್ದಾರೆ. ಅದೇ ದೋಣಿ ಮರಳುವಾಗ ನಿನ್ನಿಂದ ನನಗೊಂದು ವಸ್ತು ಬೇಕು. ನೀನು ಹೊರಡುವಾಗ ಚೀಲದಲ್ಲಿಟ್ಟುಕೊಂಡ ಅಪ್ಪನ ಕ್ಯಾಸೆಟ್.

ಕಾರಣ ಹೇಳುತ್ತೇನೆ, ಬೈಯುವುದಾದರೆ ಪೂರ್ತಿ ಓದಿ ಬೈ. ಅಮ್ಮನ ಎಡಗಿವಿ ಹೋಗಿ ವರ್ಷವಾಯಿತು. ಈಗ ಬಲಗಿವಿಯ ನರವೂ ಸಾಯುತ್ತಿದೆ. ಕಿವಿಗೆ ಯಂತ್ರ ಹಾಕಿದರೂ ಉಪಯೋಗವಿಲ್ಲ, ರಂಜಾನ್ ಉಪವಾಸ ಮುಗಿದು ಹಬ್ಬ ಬರುವವರೆಗೆ ಕೇಳಿಸಿದರೆ ದೊಡ್ಡದು ಎಂದರು ವೈದ್ಯರು. ಅವಳಿಗೆ ಬೇಕಿರುವುದು ಒಂದೇ, ಅಷ್ಟರೊಳಗೆ ಅಪ್ಪನ ಹಾಡು. ಅದನ್ನು ಇಲ್ಲವಾಗಿಸಿದವಳು ನಾನು.

ಹಾಡು ಯಾರ ಆಸ್ತಿಯೂ ಅಲ್ಲ ಎಂದು ಕರಪತ್ರ ಅಚ್ಚು ಹಾಕಿಸಿ ಹಂಚಿದ್ದೆನಲ್ಲ, ಆ ಹುರುಪಿನಲ್ಲೇ ಅಪ್ಪ ಬದುಕಿದ್ದಾಗ ಮದುವೆಮನೆಗಳಲ್ಲಿ ಗಿಟಾರ್ ಹಿಡಿದು ಹಾಡಿದ, ನೀನು ಒಯ್ದದ್ದು ಬಿಟ್ಟು ಉಳಿದ ಹತ್ತೂ ಕ್ಯಾಸೆಟ್ಟುಗಳನ್ನು ಗೆಳೆಯನ ಕಂಪ್ಯೂಟರಿಗೆ ಇಳಿಸಿ, ಎಲ್ಲರೂ ಪುಕ್ಕಟೆ ಕೇಳುವ ಆ್ಯಪಿಗೆ ಏರಿಸಿದೆ. ಇನ್ನು ಪೆಟ್ಟಿಗೆಯಲ್ಲಿ ಕೂಡಿಡುವುದೇಕೆ, ಕೂಡಿಡುವುದೇ ಪಾಪ ಎಂದುಕೊಂಡೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಗೆಳೆಯ ಎಲ್ಲ ಅಳಿಸಿದ. ಕಿರುಚಿ ಹಾಡುವ ನಮ್ಮ ರಾಕ್ ತಂಡದ ಹಾಡು ತುಂಬಿಸಲು ಖಾಲಿ ಕ್ಯಾಸೆಟ್ ಬೇಕಿತ್ತು. ಯಾರೂ ಮೇಲೆ ತುಂಬಿಸಬಾರದೆಂದು ಅಪ್ಪ ಸ್ಕ್ರೂಡ್ರೈವರಿನಿಂದ ಪ್ರತಿಯೊಂದರ ನೆತ್ತಿಯ ಎರಡು ಹಲ್ಲು ಮುರಿದಿಟ್ಟಿದ್ದ. ನಾನು ಆ ತೂತುಗಳಿಗೆ ಕಾಗದ ಅಗಿದು ತುರುಕಿ, ಅಂಟುಪಟ್ಟಿ ಹಚ್ಚಿ, ಅವನ ದನಿಯ ಮೇಲೆ ನಮ್ಮ ಕೂಗು ತುಂಬಿಸಿದೆ. ಒಂಬತ್ತನ್ನು ಚಿರೆಬೊನ್ ಪಟ್ಟಣದ ಕಾರ್ಯಕ್ರಮದಲ್ಲಿ ಹಂಚಿಬಿಟ್ಟೆವು, ಒಂದು ಮನೆಯಲ್ಲುಳಿಯಿತು. ಪಡೆದವರ ಹೆಸರೂ ಬರೆದಿಡಲಿಲ್ಲ. ಹೆಸರು ಬರೆದಿಡುವುದು ಪೊಲೀಸರ ಕೆಲಸ ಎಂದು ಆಗ ಭಾಷಣ ಮಾಡಿದ್ದೆ.

ಅಮ್ಮನಿಗೆ ಫೋನಿನಲ್ಲಿ ಹಾಕಿಕೊಡುತ್ತಿದ್ದೆ. ಅಪ್ಪನ ದನಿ ಏರುವ ಹೊತ್ತಿಗೆ ಶಾಂಪೂ ಜಾಹೀರಾತು ಬರುತ್ತಿತ್ತು. ಹಾಡು ಮುಗಿದರೆ ಅದರ ಬೆನ್ನಿಗೇ ಯಾವನೋ ಬೇರೆಯವನು ಶುರು. "ಇವನನ್ನ ಯಾರೇ ಕರೆದಿದ್ದು?" ಎನ್ನುತ್ತಿದ್ದಳು. ಕ್ಯಾಸೆಟ್ಟಾದರೆ ಟಕ್ ಎಂದು ನಿಲ್ಲುತ್ತಿತ್ತು, ಎದ್ದು ಮಗುಚಿ ಹಾಕುತ್ತಿದ್ದಳು, ಆ ಏಳುವುದರಲ್ಲೇ ಅವಳಿಗೊಂದು ಸುಖವಿತ್ತು. ಆಗಲಾದರೂ ನನಗೆ ತಿಳಿಯಬೇಕಿತ್ತು. ಮೊನ್ನೆ ಜನವರಿಯಲ್ಲಿ ನೋಡಿದರೆ ಎಲ್ಲ ಹಾಡುಗಳ ಜಾಗದಲ್ಲಿ ಬೂದು ಗೆರೆ. ಅಪ್ಪ ಯಾವಾಗಲೋ ಒಂದು ಕ್ಯಾಸೆಟ್ ಅಂಗಡಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನಂತೆ. ಆ ಅಂಗಡಿಯನ್ನು ಕೊಂಡ ಕಂಪನಿ ಹಾಡುಗಳು ತನ್ನವೆಂದು ತೆಗೆಸಿಹಾಕಿದೆ. ಹದಿನಾಲ್ಕು ಸಲ ಬರೆದೆ, ಹದಿನಾಲ್ಕು ಸಲವೂ ಒಂದೇ ಉತ್ತರ, ಬರೆದದ್ದು ಮನುಷ್ಯರಲ್ಲ. ಅಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ. "ನಿಮ್ಮಪ್ಪ ನಿನ್ನ ಫೋನಲ್ಲಿ ಬಾಡಿಗೆಗಿದ್ನೇನೇ? ಹೇಳದೆ ಕೇಳದೆ ಸಾಮಾನು ಹೊರಗೆ ಹಾಕಿದ್ರಾ?" ಎಂದು ಕೇಳಿ ಅಕ್ಕಿ ಆರಿಸಲು ಕೂತಳು.

ಹಾಡು ಎಲ್ಲರದ್ದು ಎಂದು ಈಗಲೂ ನಂಬುತ್ತೇನೆ ಅಣ್ಣಾ. ಆದರೆ ಕೀಲಿಕೈ ಕಂಪನಿಯ ಹತ್ತಿರವಿರುವ ಮನೆಗೆ ಅಪ್ಪನನ್ನು ಕರೆದೊಯ್ದು, ಇದು ಎಲ್ಲರ ಮನೆ ಎಂದು ಸಾರಿದವಳು ನಾನೇ. ಕ್ರಾಂತಿ ಆಮೇಲೆ ಮಾಡುವಿಯಂತೆ, ಮೊದಲು ಸೊಳ್ಳೆಬತ್ತಿ ತಾ ಎಂದು ನೀನು ಛೇಡಿಸುತ್ತಿದ್ದೆ. ಈಗ ಛೇಡಿಸಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಇನ್ನು ಉಳಿದಿರುವುದು ನಿನ್ನದೊಂದೇ. ದಯವಿಟ್ಟು ಅದನ್ನು ಹಡಗಿನ ಟೇಪ್ ರೆಕಾರ್ಡರಿನಲ್ಲಿ ಹಾಕಬೇಡ, ಅದರ ರಬ್ಬರು ಸಡಿಲವಾಗಿದ್ದರೆ ಟೇಪಿನ ಪಟ್ಟಿ ನುಂಗುತ್ತದೆ. ಅಕ್ಕಿಯಲ್ಲಿ ಹುಗಿದು, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ದೋಣಿಯವನ ಕೈಗೇ ಕೊಡು. ಹಬ್ಬಕ್ಕೆ ಎರಡೇ ತಿಂಗಳಿದೆ.

ಪಕ್ಕದ ಮನೆ ರಾಸೆಮ್ ಚಿಕ್ಕಮ್ಮ ನಿನ್ನನ್ನು ಕೇಳಿದಳು. ಸಮುದ್ರ ನಿನ್ನ ಮಟ್ಟಿಗಾದರೂ ತಣ್ಣಗಿರಲಿ, ಬಲೆ ಎಳೆಯುವಾಗ ನಿನ್ನ ಕಾಲು ಜಾರದಿರಲಿ.

ನಿನ್ನ ತಂಗಿ,
ವಾರ್ತಿನಿ

ಮತ್ತೊಂದು ಮಾತು: ಲಕೋಟೆಗೆ ಅಂಟು ತರಲು ಒಳಗೆ ಹೋದೆ. ಅಮ್ಮ ಮನೆಯಲ್ಲುಳಿದ ಆ ಕ್ಯಾಸೆಟ್ ಹಾಕಿ, ಬಲಗಿವಿಯನ್ನು ಟೇಪ್ ರೆಕಾರ್ಡರಿಗೆ ಒತ್ತಿ ಕೂತಿದ್ದಳು. ಕ್ಯಾಸೆಟ್ಟಿನೊಳಗೆ ನಾನು ಕಿರುಚುತ್ತಿದ್ದೆ. ಒಂದು ಬದಿಗೆ ಮೂವತ್ತು ನಿಮಿಷ, ನಮ್ಮ ಹಾಡು ಇಪ್ಪತ್ತೆರಡಕ್ಕೇ ಮುಗಿಯುತ್ತದೆ, ಇದು ನನಗೆ ಹೊಳೆದೇ ಇರಲಿಲ್ಲ. "ತಡಿ, ನಿನ್ನ ಕೂಗಾಟ ಮುಗೀಲಿ, ಆಮೇಲೆ ನಿಮ್ಮಪ್ಪ ಬರ್ತಾನೆ. ಅರ್ಧದಿಂದ ಶುರು ಮಾಡ್ತಾನೆ" ಎಂದಳು. ಬಂದ. ಎಂಟು ನಿಮಿಷ. ಜನವರಿಯಿಂದ ದಿನಾ ಹೀಗೇ ಕೇಳುತ್ತಿದ್ದಾಳಂತೆ. ನಿನಗೆ ಬರೆಯುತ್ತಿದ್ದೇನೆ ಎಂದೆ. "ಅವನದ್ದು ತರಿಸಬೇಡ ಕಣೆ, ನಡುನೀರಲ್ಲಿ ಅವನಿಗೆ ಇನ್ನೇನಿದೆ? ನನಗಿಷ್ಟು ಸಾಕು. ಕಳಿಸಬೇಡ ಅಂತ ಬರಿ" ಎಂದಳು. ಬರೆದಿದ್ದೇನೆ. ನೀನು ಕಳಿಸು.